ಅಡುಗೆ ಮನೆಯ ಜಮಾ-ಖರ್ಚು: ಗೃಹಸ್ಥರಿಗೊಂದು ಪಾಠ



ಕಳೆದ ಶ್ರಾವಣ ಮಾಸದಲ್ಲಿ ಕಣೇಕಲ್ಲು ಕಡೆಯ ಭಕ್ತರೊಬ್ಬರು ಪತ್ನಿಯೊಡನೆ ಮಠಕ್ಕೆ ಬಂದಿದ್ದರು. ದರ್ಶನ, ಪ್ರಸಾದ ಮುಗಿದ ಮೇಲೆ ಕಚೇರಿಗೆ ಬಂದು, ಅಂಗಿಯ ಜೇಬಿನಿಂದ ಕಿರಾಣಿ ಅಂಗಡಿಯ ಚೀಟಿಯೊಂದನ್ನು ತೆಗೆದು ನನ್ನ ಮುಂದಿಟ್ಟರು. "ನೀವು ಲೆಕ್ಕ ಕಲ್ತೋರು. ಇದನ್ನ ಸ್ವಲ್ಪ ನೋಡ್ರಿ ಅಣ್ಣಾರ. ದುಡಿದಿದ್ದೆಲ್ಲಾ ಅಂಗಡಿಗೇ ಹೋಗ್ತೈತಿ, ಆದ್ರೂ ಮನ್ಯಾಗ ಏನೂ ಇರಂಗಿಲ್ಲ" ಎಂದರು. ಆ ಚೀಟಿಯೇ ಈ ಸಂಚಿಕೆಯ ಪಾಠಕ್ಕೆ ಕಾರಣ. ಅವರ ಅನುಮತಿ ಪಡೆದು, ಹೆಸರು ಹೇಳದೆ ಇಲ್ಲಿ ಬರೆಯುತ್ತಿದ್ದೇನೆ.

1. ಚೀಟಿ ಹೇಳಿದ ಮಾತು

ಮನೆಯಲ್ಲಿ ಐದು ಜನ: ಗಂಡ, ಹೆಂಡತಿ, ವಯಸ್ಸಾದ ತಾಯಿ, ಇಬ್ಬರು ಮಕ್ಕಳು. ಒಂದು ತಿಂಗಳ ಉದ್ರಿ 5,000 ರೂಪಾಯಿ. ಅದರ ವಿವರ ಹೀಗಿತ್ತು: ಸೋನಾ ಮಸೂರಿ ಅಕ್ಕಿ 25 ಕಿಲೋ ಚೀಲ 1,400, ಎಣ್ಣೆ ಒಂದು ಲೀಟರಿನ 7 ಪೊಟ್ಟಣ 1,050, ತೊಗರಿಬೇಳೆ 3 ಕಿಲೋ 450, ಸಕ್ಕರೆ 5 ಕಿಲೋ 220, ಚಹಾಪುಡಿ 240, ಬಿಸ್ಕತ್ತು, ಕುರುಕಲು ತಿಂಡಿ ಪೊಟ್ಟಣಗಳು 620, ರವೆ, ಪುಟಾಣಿ, ಮಂಡಕ್ಕಿ, ಮಸಾಲೆ ಇತ್ಯಾದಿ 500, ಸೋಪು ಮುಂತಾದ ಇತರೆ 520. ಸಂತೆಯಲ್ಲಿ ಕೊಂಡ ಜೋಳ, ಕಾಯಿಪಲ್ಯ ಇದರಲ್ಲಿ ಸೇರಿಲ್ಲ.

"ರೈಸ್ ಕಾರ್ಡಿನ ಅಕ್ಕಿ ಏನಾಯಿತು?" ಎಂದು ಕೇಳಿದೆ. ತಲೆಗೆ 5 ಕಿಲೋದಂತೆ 25 ಕಿಲೋ ಬರುತ್ತದೆ. ಅದನ್ನು 250 ರೂಪಾಯಿಗೆ ಮಾರಿಬಿಡುತ್ತಾರಂತೆ. ಪಡಿತರ ಅಕ್ಕಿ ಮಾರುವುದು ಕಾನೂನಿಗೆ ವಿರುದ್ಧ ಎಂಬುದು ಒಂದು ಮಾತು. ಲೆಕ್ಕದ ಮಾತು ಬೇರೆ ಇದೆ: 25 ಕಿಲೋ ಅಕ್ಕಿ ಕೊಟ್ಟು, ಮೇಲೆ 1,150 ರೂಪಾಯಿ ಸಾಲ ಮಾಡಿ, ಮತ್ತೆ 25 ಕಿಲೋ ಅಕ್ಕಿಯನ್ನೇ ಮನೆಗೆ ತಂದಂತಾಯಿತು.

ಅಷ್ಟು ಹೊತ್ತು ಸುಮ್ಮನಿದ್ದ ಆ ತಾಯಿ ಆಗ ಬಾಯಿ ಬಿಟ್ಟರು: "ಮೊದ್ಲು ಶೇಂಗಾದಾಗ ಅಕ್ಕಡಿ ಹಾಕ್ತಿದ್ವಿ. ತೊಗ್ರಿ, ಅಲಸಂದಿ, ಹುರುಳಿ ಎಲ್ಲಾ ಮನ್ಯಾಗ ಇರ್ತಿತ್ತು. ಈಗ ಹೊಲ್ದಾಗ ಒಂದೇ ಬೆಳಿ. ಶೇಂಗಾ ಮಾರಿ ಶೇಂಗಾ ಎಣ್ಣಿ ತರ್ತೀವಿ."

ಈ ಪಾಠದ ಸಾರವೆಲ್ಲ ಆ ಮಾತಿನಲ್ಲೇ ಇದೆ. ನಮ್ಮ ಮನೆಗಳಲ್ಲಿ ಹಣ ಸೋರುತ್ತಿರುವುದು ಹೆಚ್ಚು ತಿಂದದ್ದರಿಂದಲ್ಲ. ಸುಗ್ಗಿಯಲ್ಲಿ ಅಗ್ಗಕ್ಕೆ ಮಾರಿ, ಬೇಸಿಗೆಯಲ್ಲಿ ತುಟ್ಟಿಗೆ ಕೊಳ್ಳುವುದರಿಂದ. ಅದೂ ಉದ್ರಿಯಲ್ಲಿ, ಪೊಟ್ಟಣ ಪೊಟ್ಟಣವಾಗಿ ಕೊಳ್ಳುವುದರಿಂದ. ಆದ್ದರಿಂದ ಮಿತವ್ಯಯದ ಅಡುಗೆ ಒಲೆಯ ಮುಂದೆ ಆರಂಭವಾಗುವುದಿಲ್ಲ, ಕಣದಲ್ಲಿ ಆರಂಭವಾಗುತ್ತದೆ.

2. ಲಕ್ಕಮ್ಮ ತಾಯಿಯ ಲೆಕ್ಕ

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಶರಣ ದಂಪತಿಗಳ ಕಥೆ ನಮಗೆಲ್ಲ ತಿಳಿದದ್ದೇ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಇದು ನಮ್ಮ ಅಗತ್ಯಕ್ಕೆ ಮೀರಿದ್ದೆಂದು ಲಕ್ಕಮ್ಮನವರು ಅದನ್ನು ಹಿಂದಕ್ಕೆ ಕಳುಹಿಸಿದರು. ಹೆಚ್ಚು ಬಂದುದನ್ನು ಹೆಚ್ಚು ಎಂದು ಹೇಳಬೇಕಾದರೆ, ಮನೆಗೆ ದಿನಕ್ಕೆ ಎಷ್ಟು ಬೇಕೆಂಬುದು ಆ ತಾಯಿಗೆ ಖಚಿತವಾಗಿ ತಿಳಿದಿರಲೇಬೇಕು. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಈ ಲೆಕ್ಕ ತಿಳಿದಿದೆ?

ಇನ್ನೊಂದು ಮಾತು. ಅವರ ಮಿತವ್ಯಯ ಜಿಪುಣತನವಾಗಿರಲಿಲ್ಲ. ಅಳತೆ ತಿಳಿದ ಮನೆಯಲ್ಲಿ ಜಂಗಮನಿಗೂ ಅತಿಥಿಗೂ ಅನ್ನ ಉಳಿಯುತ್ತದೆ.

3. ಮನೆಗೆ ಎಷ್ಟು ಬೇಕು?

ಮೇಲಿನ ಐದು ಜನರ ಮನೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ.

ಧಾನ್ಯ: ಹೊಲದಲ್ಲಿ ದುಡಿಯುವ ಇಬ್ಬರಿಗೆ ದಿನಕ್ಕೆ 450 ಗ್ರಾಂನಂತೆ 900, ಅಜ್ಜಿಗೆ 250, ಮಕ್ಕಳಿಬ್ಬರಿಗೆ 600; ಒಟ್ಟು 1,750 ಗ್ರಾಂ. ತಿಂಗಳಿಗೆ 52 ಕಿಲೋ ಚಿಲ್ಲರೆ. ಇದರಲ್ಲಿ 25 ಕಿಲೋ ಪಡಿತರ ಅಕ್ಕಿ. ಉಳಿದದ್ದರಲ್ಲಿ ಜೋಳ 18 ಕಿಲೋ, ರಾಗಿ ಒಂಬತ್ತೂವರೆ ಕಿಲೋ. ಮಡಕಶಿರಾ ಸೀಮೆಯವರು ಈ ಎರಡು ಅಂಕಿಗಳನ್ನು ಅದಲುಬದಲು ಮಾಡಿಕೊಳ್ಳಲಿ. ಅಲ್ಲಿ ರಾಗಿಯೇ ಮುಖ್ಯ.

ಬೇಳೆಕಾಳು: ದಿನಕ್ಕೆ 300 ಗ್ರಾಂ, ತಿಂಗಳಿಗೆ 9 ಕಿಲೋ. ಹುರುಳಿ 3, ತೊಗರಿ 3, ಕಡಲೆ ಮತ್ತು ಅಲಸಂದೆ ಸೇರಿ 3.

ಶೇಂಗಾ ಬೀಜ: ದಿನಕ್ಕೆ 100 ಗ್ರಾಂ, ತಿಂಗಳಿಗೆ 3 ಕಿಲೋ.

ಎಣ್ಣೆ: ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಮಾರ್ಗದರ್ಶಿಯಲ್ಲಿ ತೋರಿಸಿದ ಮಾದರಿ ಊಟದಲ್ಲಿ ಒಬ್ಬರಿಗೆ ದಿನಕ್ಕೆ ಎಣ್ಣೆ 27 ಗ್ರಾಂ. ಐದು ಜನರಿಗೆ ತಿಂಗಳಿಗೆ 4 ಕಿಲೋ, ಅಂದರೆ ನಾಲ್ಕೂವರೆ ಪೊಟ್ಟಣ. ಏಳು ಪೊಟ್ಟಣ ಜೇಬಿಗೂ ಹೊರೆ, ಹೃದಯಕ್ಕೂ ಹೊರೆ.

ಉಪ್ಪು: ಒಬ್ಬರಿಗೆ ದಿನಕ್ಕೆ 5 ಗ್ರಾಂ ಮಿತಿ. ಲೆಕ್ಕ ಹಾಕಿದರೆ ಐದು ಜನರ ಮನೆಯಲ್ಲಿ ಒಂದು ಕಿಲೋ ಉಪ್ಪು ತಿಂಗಳು ದಾಟಿ ಬರಬೇಕು. ಅದಕ್ಕೆ ಮೊದಲೇ ಮುಗಿದರೆ ರಕ್ತದೊತ್ತಡಕ್ಕೆ ಆಹ್ವಾನ ಕೊಟ್ಟಂತೆ.

ಇದೇ ಸಂಸ್ಥೆಯ 2017ರ ಕೋಷ್ಟಕದ ಪ್ರಕಾರ 100 ಗ್ರಾಂ ಅಕ್ಕಿಯಲ್ಲಿ ಸುಮಾರು 8 ಗ್ರಾಂ, ಜೋಳದಲ್ಲಿ 10 ಗ್ರಾಂ, ತೊಗರಿಬೇಳೆಯಲ್ಲಿ 22 ಗ್ರಾಂ, ಹುರುಳಿಯಲ್ಲಿಯೂ 22 ಗ್ರಾಂ, ಶೇಂಗಾದಲ್ಲಿ 24 ಗ್ರಾಂ ಸಸಾರಜನಕವಿದೆ. ತೊಗರಿಗೂ ಹುರುಳಿಗೂ ಸಸಾರಜನಕದಲ್ಲಿ ವ್ಯತ್ಯಾಸವಿಲ್ಲ, ಬೆಲೆಯಲ್ಲಿ ಹುರುಳಿ ಸಾಮಾನ್ಯವಾಗಿ ಅಗ್ಗ. ಹುರುಳಿ ದನದ ಮೇವೆಂದು ಮೂಗು ಮುರಿಯುವವರು ಈ ಅಂಕಿಯನ್ನು ನೋಡಬೇಕು. ಇನ್ನು 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಷ್ಟೇ ತೂಕದ ಹಾಲಿಗಿಂತ ಇದು ಎರಡು ಪಟ್ಟಿಗೂ ಹೆಚ್ಚು. ಹಾಲು ಕೊಳ್ಳಲಾಗದ ಮನೆಯ ಮಕ್ಕಳಿಗೆ ರಾಗಿ ಅಂಬಲಿಯೇ ಆಸರೆ.

4. ಕಣದಲ್ಲೇ ಎತ್ತಿಡಿ

ಈಗ ಈ ಅಂಕಿಗಳನ್ನು ವರ್ಷಕ್ಕೆ ಗುಣಿಸಿ. ಜೋಳ 216 ಕಿಲೋ, ರಾಗಿ 114 ಕಿಲೋ, ಬೇಳೆಕಾಳು 108 ಕಿಲೋ. ಶೇಂಗಾ 50 ಕಿಲೋ ಕಾಯಿ ಒಡೆದರೆ ಸುಮಾರು 35 ಕಿಲೋ ಬೀಜ ಬರುತ್ತದೆ; ವರ್ಷದ ಚಟ್ನಿ, ಪುಡಿ, ಪಲ್ಯಕ್ಕೆ ಅಷ್ಟು ಸಾಕು. ಬೆಳೆದದ್ದರಲ್ಲಿ ಇಷ್ಟನ್ನು ಕಣದಲ್ಲೇ ಎತ್ತಿಟ್ಟು, ಉಳಿದದ್ದನ್ನು ಮಾರುಕಟ್ಟೆಗೆ ಕಳಿಸಿ. ಇದು ಮನೆಯ ಪಾಲು, ಇದಕ್ಕೆ ಸಾಲಗಾರನೂ ಕೈ ಹಾಕಬಾರದು.

ನಮ್ಮದು ಮಳೆಯನ್ನು ನಂಬಿ ಕೂರುವ ಸೀಮೆಯಲ್ಲ. ತುಂಗಭದ್ರಾ ಮೇಲ್ಮಟ್ಟದ ಕಾಲುವೆಯ ಕೆಳಗೆ ಭತ್ತ ಬೆಳೆಯುವ ಕಣೇಕಲ್ಲಿನವರಿಗೂ ನೀರು ಖಚಿತವಲ್ಲ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ನಮ್ಮೆಲ್ಲರ ಎದೆ ಹೇಗೆ ನಡುಗಿತೆಂದು ನೆನಪಿಸಿಕೊಳ್ಳಿ. ಆದ್ದರಿಂದ ಶೇಂಗಾ ಹೊಲದಲ್ಲಿ ತೊಗರಿ, ಅಲಸಂದೆಯ ಅಕ್ಕಡಿ ಸಾಲು ಹಾಕುವುದನ್ನು ಬಿಡಬೇಡಿ. ಮುಖ್ಯ ಬೆಳೆ ಕೈಕೊಟ್ಟರೂ ಅಕ್ಕಡಿ ಸಾರಿಗಾದರೂ ಆಗುತ್ತದೆ.

ಕಾಳನ್ನು ಚೆನ್ನಾಗಿ ಒಣಗಿಸಿ, ಒಣ ಬೇವಿನ ಸೊಪ್ಪು ಹಾಕಿ, ತೇವ ತಾಗದಂತೆ ಇಡಿ. ತೊಗರಿಬೇಳೆಗೆ ಹರಳೆಣ್ಣೆ ಸವರುವ ಅಜ್ಜಿಯರ ಪದ್ಧತಿ ಒಳ್ಳೆಯದು. ಜೋಳವನ್ನು ಹತ್ತು ದಿನಕ್ಕಾಗುವಷ್ಟು ಮಾತ್ರ ಗಿರಣಿಗೆ ಒಯ್ಯಿರಿ. ಹಿಟ್ಟು ಹಳಸಿದರೆ ರೊಟ್ಟಿ ಕಹಿಯಾಗುತ್ತದೆ. ಎಲ್ಲದರಲ್ಲಿ ಉಳಿತಾಯ ಮಾಡಿ, ಆದರೆ ಬೂಷ್ಟು ಹಿಡಿದ ಶೇಂಗಾದಲ್ಲಿ ಮಾಡಬೇಡಿ. ಆ ಬೂಷ್ಟಿನ ವಿಷ ಯಕೃತ್ತಿಗೆ ಕೇಡು, ಹುರಿದರೂ ಪೂರ್ತಿ ಹೋಗುವುದಿಲ್ಲ. ಅಂಥ ಬೀಜವನ್ನು ಆರಿಸಿ ಎಸೆಯಿರಿ.

5. ವಾರದ ಊಟ

ನಿಯಮ ಒಂದೇ: ದಿನಕ್ಕೆ ಒಂದು ಧಾನ್ಯ, ಒಂದು ಕಾಳು, ಒಂದು ಸೊಪ್ಪು ಅಥವಾ ಕಾಯಿ. ಜೊತೆಗೆ ಮಜ್ಜಿಗೆ.

ಸೋಮವಾರ: ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿಪುಡಿ. ರಾತ್ರಿ ಅನ್ನ, ತೊಗರಿಬೇಳೆ ಸಾರು.
ಮಂಗಳವಾರ: ರಾಗಿ ಮುದ್ದೆ, ಹುರುಳಿ ಕಟ್ಟಿನ ಸಾರು. ಬೆಂದ ಕಾಳಿಗೆ ಒಗ್ಗರಣೆ ಹಾಕಿದರೆ ರಾತ್ರಿಯ ಅನ್ನಕ್ಕೆ ಪಲ್ಯ.
ಬುಧವಾರ: ರೊಟ್ಟಿ, ಕಡಲೆಹಿಟ್ಟಿನ ಜುಣಕ, ಹಸಿ ಈರುಳ್ಳಿ. ರಾತ್ರಿ ಅನ್ನ, ಮೆಂತ್ಯಸೊಪ್ಪಿನ ಬೇಳೆ.
ಗುರುವಾರ: ಮುದ್ದೆ, ನುಗ್ಗೆಸೊಪ್ಪಿನ ಸಾರು. ಹಿತ್ತಲಲ್ಲಿ ಒಂದು ನುಗ್ಗೆ ಗಿಡವಿದ್ದರೆ ವರ್ಷವೆಲ್ಲ ಸೊಪ್ಪು ಪುಕ್ಕಟೆ.
ಶುಕ್ರವಾರ: ರೊಟ್ಟಿ, ಬದನೆಕಾಯಿ ಪಲ್ಯ, ಹುಚ್ಚೆಳ್ಳು ಪುಡಿ. ರಾತ್ರಿ ಅನ್ನ, ಅಲಸಂದೆ ಸಾರು.
ಶನಿವಾರ: ನವಣೆ ಅನ್ನ, ಬೇಳೆ ಸಾರು, ಸಂತೆಯಲ್ಲಿ ಅಗ್ಗವಾಗಿ ಸಿಕ್ಕ ಕಾಯಿಪಲ್ಯ.
ಭಾನುವಾರ: ಬೆಳಿಗ್ಗೆ ಮನೆಯಲ್ಲೇ ಮಾಡಿದ ಉಗ್ಗಾಣಿ. ಮಧ್ಯಾಹ್ನ ಮಕ್ಕಳು ಕೇಳಿದ ಅಡುಗೆ.

ಮಕ್ಕಳ ಕೈಗೆ ಪೊಟ್ಟಣದ ತಿಂಡಿಯ ಬದಲು ಹುರಿದ ಶೇಂಗಾ, ಬೆಲ್ಲ ಕೊಡಿ. ಬೇಳೆಯನ್ನು ಒಂದು ಗಂಟೆ ನೆನೆಸಿ ಬೇಯಿಸಿದರೆ ಗ್ಯಾಸು ಉಳಿಯುತ್ತದೆ. ಸೊಪ್ಪು ಬೇಯಿಸಿದ ನೀರನ್ನು ಚೆಲ್ಲದೆ ಸಾರಿಗೆ ಹಾಕಿ. ಸೊಪ್ಪಿನ ಸಾರಿಗೆ ಕೊನೆಯಲ್ಲಿ ನಿಂಬೆಹುಳಿ ಹಿಂಡಿದರೆ ಅದರಲ್ಲಿರುವ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟವಾದ ಕೂಡಲೇ ಚಹಾ ಕುಡಿದರೆ ಅಷ್ಟಾಗಿ ಹತ್ತುವುದಿಲ್ಲ. ಪಡಿತರ ಅಕ್ಕಿಯನ್ನು ಎರಡು ಮೂರು ನೀರಿನಲ್ಲಿ ತೊಳೆದು ಅರ್ಧ ಗಂಟೆ ನೆನೆಸಿದರೆ ಅನ್ನ ಮೃದುವಾಗುತ್ತದೆ. ದೋಸೆಗೂ ಅದು ಚೆನ್ನಾಗಿ ಹೊಂದುತ್ತದೆ.

6. ಉದ್ರಿಯ ಬಡ್ಡಿ: ವರ್ತಕ ಬಂಧುಗಳಿಗೂ ಒಂದು ಮಾತು

ನಗದಿಗೆ 100 ರೂಪಾಯಿಯ ಸಾಮಾನನ್ನು ಉದ್ರಿಗೆ 105ಕ್ಕೆ ಕೊಂಡು, ಮೂರು ತಿಂಗಳಿಗೆ ತೀರಿಸಿದರೆ ಅದು ವರ್ಷಕ್ಕೆ ನೂರಕ್ಕೆ 20 ಬಡ್ಡಿಯಾಯಿತು. ಚೀಟಿಯಲ್ಲಿ ಬಡ್ಡಿ ಎಂದು ಬರೆದಿರುವುದಿಲ್ಲ, ಅಷ್ಟೇ. ತಿಂಗಳ ಸಾಮಾನನ್ನು ಒಂದೇ ಸಲ, ಬರೆದುಕೊಂಡು ಹೋಗಿ, ನಗದು ಕೊಟ್ಟು ತನ್ನಿ. ಚೀಟಿ ಹಿಡಿದು ಅಂಗಡಿಗೆ ಮಕ್ಕಳನ್ನು ಕಳಿಸಬೇಡಿ.

ಅಂಗಡಿ ನಡೆಸುವ ಭಕ್ತರೂ ನಮ್ಮವರೇ. ಉದ್ರಿಯಲ್ಲಿ ನಿಮ್ಮ ಬಂಡವಾಳವೂ ಸಿಕ್ಕಿಬೀಳುತ್ತದೆ ಎಂಬುದು ನನಗೆ ಗೊತ್ತು. ನಗದು ದರ, ಉದ್ರಿ ದರ ಎರಡನ್ನೂ ಬಾಯಿಬಿಟ್ಟು ಹೇಳಿ. ಮಗು ಬಂದು ಅಪ್ಪನ ಖಾತೆಗೆ ಬರೆಯಿರಿ ಎಂದರೆ ತಿಂಡಿ ಪೊಟ್ಟಣ ಕೊಡಬೇಡಿ. ತಕ್ಕಡಿಯೂ ಕಾಯಕದ ಸಾಧನವೇ.

7. ಉಳಿತಾಯ ಯಾರ ತಟ್ಟೆಯಿಂದ?

ಇದು ಈ ಪಾಠದ ಕಠಿಣ ಭಾಗ. ಅನೇಕ ಮನೆಗಳಲ್ಲಿ ಖರ್ಚು ಕಡಿಮೆ ಮಾಡುವುದೆಂದರೆ, ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಸೊಸೆ ಬೇಳೆ ಮುಗಿಯಿತೆಂದು ಅನ್ನಕ್ಕೆ ಉಪ್ಪಿನಕಾಯಿ ಹಚ್ಚಿಕೊಂಡು ಏಳುವುದು. ಇದು ಉಳಿತಾಯವಲ್ಲ, ಒಬ್ಬರ ಮೈಯಿಂದ ತೆಗೆದ ಸಾಲ. ರಕ್ತಹೀನತೆ, ಹೆರಿಗೆಯ ಕಷ್ಟ, ಆಸ್ಪತ್ರೆಯ ಖರ್ಚಾಗಿ ಅದು ಬಡ್ಡಿಸಮೇತ ತಿರುಗಿ ಬರುತ್ತದೆ. ಅಳೆದು ಅಡುಗೆ ಮಾಡುವ ಮನೆಯಲ್ಲಿ ಅಳೆದು ಬಡಿಸುವುದೂ ಇರಲಿ. ಬಡಿಸುವವಳ ಪಾಲನ್ನು ಮೊದಲೇ ತೆಗೆದಿಡಿ, ಇಲ್ಲವೇ ಎಲ್ಲರೂ ಒಟ್ಟಿಗೆ ಕುಳಿತು ಪ್ರಸಾದ ಸ್ವೀಕರಿಸಿ. ತಟ್ಟೆಯಲ್ಲಿ ಒಂದು ಅಗುಳನ್ನೂ ಬಿಡದೆ ಏಳುವ ನಮ್ಮ ಹಿರಿಯರ ಶಿಸ್ತು ಮಕ್ಕಳಿಗೂ ಬರಲಿ.

ಮತ್ತೊಂದು ಮಾತನ್ನು ಮಠದ ಕಾರ್ಯದರ್ಶಿಯಾಗಿಯೇ ಹೇಳುತ್ತೇನೆ. ದಾಸೋಹಕ್ಕೆ ಧಾನ್ಯ ತರುವ ಭಕ್ತರ ಶ್ರದ್ಧೆ ದೊಡ್ಡದು. ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳಿಗೆ ನಿತ್ಯ ಪ್ರಸಾದ ನಡೆದು ಬಂದದ್ದು, ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿಹಳ್ಳಿಯ ತಾಯಂದಿರು ರೊಟ್ಟಿ ತಟ್ಟಿ ಕಳಿಸುವುದು ಇಂಥ ಶ್ರದ್ಧೆಯಿಂದಲೇ. ಆದರೆ ಉದ್ರಿ ತಂದ ಅಕ್ಕಿಯನ್ನು ಮಠಕ್ಕೆ ಕೊಡಬೇಡಿ. ಮನೆಯ ಪಾಲು ತೆಗೆದು, ಸಾಲ ತೀರಿಸಿ, ಮಿಕ್ಕದ್ದರಲ್ಲಿ ಒಂದು ಹಿಡಿ ತಂದರೆ ಅದೇ ದಾಸೋಹ. ಲಕ್ಕಮ್ಮ ತಾಯಿ ಒಪ್ಪುವುದೂ ಅದನ್ನೇ.

8. ಆ ಚೀಟಿ ಏನಾಯಿತು?

ಕುಳಿತು ಲೆಕ್ಕ ಹಾಕಿದೆವು. ಪಡಿತರ ಅಕ್ಕಿ ಉಂಡರೆ 1,150, ಎರಡೂವರೆ ಪೊಟ್ಟಣ ಎಣ್ಣೆ ಬಿಟ್ಟರೆ 375, ಪೊಟ್ಟಣದ ತಿಂಡಿ ಅರ್ಧ ಮಾಡಿದರೆ 310. ಒಟ್ಟು 1,835 ರೂಪಾಯಿ ಉಳಿತಾಯ. ಹುರುಳಿ, ಕಡಲೆ, ಅಲಸಂದೆ ಹೆಚ್ಚಿಗೆ ತರಲು 500 ಕಳೆದರೂ ತಿಂಗಳಿಗೆ 1,335, ವರ್ಷಕ್ಕೆ 16,020. ಊಟ ಮೊದಲಿಗಿಂತ ಸತ್ವಯುತ. ಅಕ್ಕಡಿ ಬಂದರೆ ಆ 500 ಕೂಡ ಉಳಿಯಿತು. ಹನಿ ಹನಿ ಗೂಡಿದರೆ ಹಳ್ಳ, ತೆನೆ ತೆನೆ ಗೂಡಿದರೆ ಬಳ್ಳ.

ಹೋಗುವಾಗ ಆ ತಾಯಿ ಚೀಟಿಯನ್ನು ತಾವೇ ಮಡಚಿ ಇಟ್ಟುಕೊಂಡರು. "ಇನ್ಮ್ಯಾಲೆ ಇದು ನನ್ನ ಹತ್ರ ಇರ್ಲಿ ಬಿಡ್ರಿ" ಎಂದರು. ಅಡುಗೆ ಮನೆಯ ಲೆಕ್ಕ ಇರಬೇಕಾದ ಕೈ ಅದೇ ಎಂದು ನನಗೂ ಅನ್ನಿಸಿತು.

ಮನೆಯಲ್ಲಿ ಮಾಡಬೇಕಾದ ಅಭ್ಯಾಸ

1. ಒಂದು ವಾರ, ಒಲೆಗೆ ಇಡುವ ಮೊದಲು ಅಕ್ಕಿ, ಹಿಟ್ಟು, ಬೇಳೆಯನ್ನು ಅಳೆದು ಬರೆಯಿರಿ.
2. ಕಳೆದ ತಿಂಗಳ ಅಂಗಡಿ ಚೀಟಿಯಲ್ಲಿ, ನಿಮ್ಮ ಹೊಲದಲ್ಲೇ ಬೆಳೆಯಬಹುದಾದ ಸಾಮಾನುಗಳಿಗೆ ಗುರುತು ಹಾಕಿ ಕೂಡಿಸಿ.
3. ನಿಮ್ಮ ಮನೆಗೆ ವರ್ಷಕ್ಕೆ ಬೇಕಾದ ಜೋಳ, ರಾಗಿ, ಕಾಳು, ಶೇಂಗಾ ಎಷ್ಟೆಂದು ಲೆಕ್ಕ ಹಾಕಿ, ಸುಗ್ಗಿಗೆ ಮುಂಚೆ ಮನೆಯವರೆಲ್ಲರ ಎದುರು ಓದಿ.
4. ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು, ಅವರ ತಟ್ಟೆಯಲ್ಲಿ ಏನಿತ್ತು ಎಂಬುದನ್ನು ಒಂದು ದಿನ ನೋಡಿ.

ಮುಂದಿನ ಅಮಾವಾಸ್ಯೆಗೆ ಮಠಕ್ಕೆ ಬರುವಾಗ ಬರೆದ ಹಾಳೆಯನ್ನು ತನ್ನಿ. ಕೂಡಿ ಕಳೆಯಲು ಕಚೇರಿಯ ಬಾಗಿಲು ತೆರೆದಿರುತ್ತದೆ.



ಕಾರ್ಯದರ್ಶಿ, ಶ್ರೀಮಠ