ಟೆಂಟಿಗಿಂತ ಮೊದಲು ಚಾಪೆ

ಮೊದಲ ಸಲ ಬೆಟ್ಟದಲ್ಲಿ ರಾತ್ರಿ ಕಳೆಯಲು ಹೊರಟಿದ್ದೀರಾ? ದುಡ್ಡೆಲ್ಲ ಟೆಂಟಿಗೇ ಸುರಿಯಬೇಡಿ. ಮಲೆನಾಡಿನ ಡಿಸೆಂಬರ್ ರಾತ್ರಿಯಲ್ಲಿ ನೆಲವೇ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಸ್ಲೀಪಿಂಗ್ ಬ್ಯಾಗ್ ಎಷ್ಟೇ ದಪ್ಪಗಿದ್ದರೂ ಮೈಭಾರಕ್ಕೆ ಅದರ ಅಡಿಭಾಗ ಚಪ್ಪಟೆಯಾಗುತ್ತದೆ, ಚಳಿ ತಡೆಯುವುದಿಲ್ಲ. ಕೆಳಗೆ ಫೋಮ್ ಮ್ಯಾಟ್ ಬೇಕೇ ಬೇಕು. ಜೀನ್ಸ್ ಬೇಡ, ನೆನೆದರೆ ಬೇಗ ಒಣಗದು. ಮಲಗುವಾಗ ಹಾಕಿಕೊಳ್ಳಲು ಒಣಬಟ್ಟೆ, ಕಾಲುಚೀಲಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಿ. ಮೊಬೈಲ್ ಬೆಳಕನ್ನು ನಂಬಬೇಡಿ. ತಲೆಗೆ ಕಟ್ಟುವ ಟಾರ್ಚ್ ಕೊಳ್ಳಿ. ಟೆಂಟನ್ನು ಮನೆಯ ತಾರಸಿಯ ಮೇಲೆ ಒಮ್ಮೆ ಕಟ್ಟಿ ನೋಡಿ. ಅದರೊಳಗೆ ಮಾತ್ರ ಒಲೆ ಹಚ್ಚಲೇಬೇಡಿ, ಎಷ್ಟೇ ಚಳಿಯಿರಲಿ! ಒಲೆಯಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡ್‌ ಅನಿಲಕ್ಕೆ ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಕಾಡಿನಲ್ಲಿ ತಂಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಹೊರಡುವ ಮುಂಚೆಯೇ ವಿಚಾರಿಸಿಕೊಳ್ಳಿ.