ಪತ್ತನಾಜೆ, ಮುಂಗಾರು ಮತ್ತು ಅಡಿಕೆಯ ಕೊಳೆರೋಗ

ಸುಳ್ಯ ತಾಲೂಕಿನ ಪಂಜದ ಸುತ್ತಮುತ್ತ ಮಳೆಗಾಲದ ಸಿದ್ಧತೆಗೆ ಗಡುವು ಪತ್ತನಾಜೆ. ತುಳು ಬೇಶ ತಿಂಗಳ ಹತ್ತನೆಯ ದಿನವಾದ ಇದು ಮೇ 24ರ ಸುಮಾರಿಗೆ ಬರುತ್ತದೆ. ಅಂದಿಗೆ ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುತ್ತದೆ. ದೈವಗಳ ಕೋಲ, ನೇಮಗಳು ನಿಲ್ಲುತ್ತವೆ. ಕಟ್ಟಿಗೆ ಕೂಡಿಡುವುದು, ತೋಟದ ಕಣಿ ಬಿಡಿಸುವುದು ಮುಂತಾದ ಕೆಲಸಗಳು ಅಷ್ಟರೊಳಗೆ ಮುಗಿಯಬೇಕು. ಆಮೇಲೆ ಮೃಗಶಿರ, ಆರ್ದ್ರಾ ಎಂದು ಮಳೆ ನಕ್ಷತ್ರಗಳನ್ನು ಎಣಿಸಿ ಅಡಿಕೆಗೆ ಮದ್ದು ಬಿಡುವುದು ವಾಡಿಕೆ.

ಇದನ್ನು ಬರಿಯ ಸಂಪ್ರದಾಯವೆಂದು ತಳ್ಳಿಹಾಕುವುದು ಸರಿಯಲ್ಲ. ಊರಿನವರೆಲ್ಲ ಒಂದೇ ಹೊತ್ತಿಗೆ ಕೆಲಸಕ್ಕೆ ಇಳಿಯುವಂತೆ ಮಾಡಿದ್ದು ಈ ಲೆಕ್ಕವೇ. ಆದರೆ ತುಳು ತಿಂಗಳುಗಳೂ ಮಳೆ ನಕ್ಷತ್ರಗಳೂ ಸೂರ್ಯನ ಗತಿಯನ್ನು ಅನುಸರಿಸುತ್ತವೆ. ಸೂರ್ಯನು ಪ್ರತಿವರ್ಷ ಸರಿಸುಮಾರು ಅದೇ ದಿನಕ್ಕೆ ಮೃಗಶಿರವನ್ನು ಸೇರುತ್ತಾನೆ. ಮುಂಗಾರಿಗೆ ಆ ಕಟ್ಟುಪಾಡಿಲ್ಲ. 2023ರಲ್ಲಿ ಮುಂಗಾರು ಕೇರಳವನ್ನು ತಲಪಿದ್ದು ಜೂನ್ 8ರಂದು. 2025ರಲ್ಲಿ ಮೇ 24ರಂದೇ. ಮುಂಗಾರಿನ ಏರುಪೇರು ಹಿಂದೆಯೂ ಇತ್ತು. ಈಗ ಅದರ ಜೊತೆಗೆ ಅರಬ್ಬೀ ಸಮುದ್ರವೂ ಬಿಸಿಯಾಗಿದೆ. ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಹಿಡಿದಿಡಬಲ್ಲ ತೇವಾಂಶ ಶೇಕಡಾ 7ರಷ್ಟು ಹೆಚ್ಚುತ್ತದೆ. ಹೀಗಾಗಿ ಸ್ವಲ್ಪ ಹೊತ್ತಿನಲ್ಲಿಯೇ ವಿಪರೀತ ಮಳೆ ಸುರಿಯುವ ಸಂಭವ ಹೆಚ್ಚು. 2022ರ ಆಗಸ್ಟ್ ಮೊದಲ ದಿನಗಳಲ್ಲಿ ಸುಬ್ರಹ್ಮಣ್ಯ, ಹರಿಹರ ಪಳ್ಳತಡ್ಕ, ಕೊಲ್ಲಮೊಗ್ರುಗಳಲ್ಲಿ ಸುರಿದ ಮಳೆಯನ್ನು ಈ ಭಾಗದವರು ಮರೆತಿಲ್ಲ.

ಕೊಳೆರೋಗಕ್ಕೆ ಕಾರಣ ಫೈಟೋಫ್ತೊರ ಎಂಬ ಶಿಲೀಂಧ್ರದಂಥ ಸೂಕ್ಷ್ಮಜೀವಿ. ಇದರ ಬೀಜಾಣುಗಳು ನೀರಿನಲ್ಲಿ ಈಜಿ ಕಾಯಿಯನ್ನು ಸೇರುತ್ತವೆ. ಗಾಳಿಮಳೆಯ ಹನಿಗಳೊಡನೆ ಗೊನೆಯಿಂದ ಗೊನೆಗೆ, ಪಕ್ಕದ ತೋಟಕ್ಕೂ ಹಾರುತ್ತವೆ. ತಂಪು ಹವೆಯಲ್ಲಿ ಬಿಡದೆ ಮಳೆ ಹಿಡಿದು ನಡುನಡುವೆ ಬಿಸಿಲು ಇಣುಕಿದರೆ ರೋಗ ಬಲಿಯುತ್ತದೆ. ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಈ ರೋಗವನ್ನು ಅಭ್ಯಸಿಸಿ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದರು. ಇಂದಿಗೂ ಅದೇ ಮುಖ್ಯ ಮದ್ದು. ಆದರೆ ಅದು ರೋಗ ಬಾರದಂತೆ ತಡೆಯುವ ಮದ್ದು. ಗೊನೆ ಒಣಗಿರುವಾಗ ಬಿದ್ದು ಅಂಟಿಕೊಂಡರೆ ಮಾತ್ರ ಫಲ. ಮುಂಗಾರು ಪತ್ತನಾಜೆಗೇ ಇಳಿದ ವರ್ಷ ಮೃಗಶಿರಕ್ಕೆಂದು ಕಾದವರಿಗೆ ಆ ಒಣ ದಿನಗಳು ಸಿಗುವುದೇ ಕಷ್ಟ.

ಆದ್ದರಿಂದ ಮೊದಲ ಸಿಂಪಡಣೆಯ ದಿನವನ್ನು ಪಂಚಾಂಗಕ್ಕಿಂತ ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ ಗೊತ್ತುಮಾಡುವುದು ಒಳ್ಳೆಯದು. ಎರಡನೆಯದನ್ನು 40ರಿಂದ 45 ದಿನಗಳ ಮೇಲೆ ಮಾಡಬೇಕು. ಮಳೆ ಮುಂದುವರಿದರೆ ಮೂರನೆಯದೂ ಬೇಕಾದೀತು. ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತನ್ನು 50 ಲೀಟರ್ ನೀರಿನಲ್ಲಿ, 1 ಕಿಲೋ ಸುಣ್ಣವನ್ನು ಇನ್ನು 50 ಲೀಟರ್ ನೀರಿನಲ್ಲಿ ಬೇರೆ ಬೇರೆ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿಯಬೇಕು. ಹೊಳೆಯುವ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿದಾಗ ಕೆಂಪು ಹತ್ತಿದರೆ ಸುಣ್ಣ ಸಾಲದೆಂದು ತಿಳಿಯತಕ್ಕದ್ದು.

ನಿಜವಾದ ತೊಡಕು ಮದ್ದಿನದಲ್ಲ, ಜನರದು. ಮರ ಹತ್ತಿ ಮದ್ದು ಬಿಡುವವರು ಊರಿಗೆ ನಾಲ್ಕಾರು ಮಂದಿ. ಮಳೆ ಬೇಗ ಬಂದಾಗ ದೊಡ್ಡ ತೋಟದವರು ಅವರನ್ನು ಮೊದಲೇ ಹಿಡಿದುಬಿಡುತ್ತಾರೆ. ನೂರಿನ್ನೂರು ಮರದವನ ಸರದಿ ಬರುವಷ್ಟರಲ್ಲಿ ಕಾಯಿ ಉದುರಿರುತ್ತದೆ. ಮದ್ದು ಕಾಣದ ಆ ತೋಟದಿಂದಲೇ ರೋಗ ದೊಡ್ಡ ತೋಟಕ್ಕೂ ಮರಳುತ್ತದೆ. ಹಿಂದೆ ನೇಜಿ ನೆಡಲು ಮುಯ್ಯಾಳು ಪದ್ಧತಿ ಇದ್ದಂತೆ, ಒಂದು ಬೈಲಿನವರು ಸೇರಿ ಸರದಿ ಗೊತ್ತುಮಾಡಿಕೊಂಡು ತಗ್ಗಿನ, ನೀರು ನಿಲ್ಲುವ ತೋಟಗಳಿಗೆ ಮೊದಲು ಬಿಡಿಸಬಹುದು. ಮಾತುಕತೆಗೆ ಹಾಲಿನ ಸೊಸೈಟಿಯ ಜಗಲಿ ಸಾಕು.

ಅಲ್ಲಿಯೇ ಒಂದು ಮಳೆಮಾಪಕವನ್ನೂ ಇಡಬಹುದು. ಸುಳ್ಯ ತಾಲೂಕಿನಲ್ಲಿ ದಶಕಗಳಿಂದ ಮಳೆ ಅಳೆದು ಪುಸ್ತಕದಲ್ಲಿ ಬರೆದಿಟ್ಟ ಕೃಷಿಕರಿದ್ದಾರೆ. ಪ್ರತಿದಿನ ಬೆಳಿಗ್ಗೆ 8.30ಕ್ಕೆ ಅಳೆದು ಬರೆಯಬೇಕು. ಮಳೆ ಇಲ್ಲದ ದಿನ ಸೊನ್ನೆ ಹಾಕಬೇಕು. ಮದ್ದು ಬಿಟ್ಟ ದಿನ, ಮೊದಲ ಕೊಳೆ ಕಂಡ ದಿನಗಳನ್ನು ಪಕ್ಕದಲ್ಲಿ ಗುರುತಿಸಿದರೆ ಮುಂದಿನ ಪತ್ತನಾಜೆಯ ಹೊತ್ತಿಗೆ ಸರದಿ ನಿರ್ಣಯಿಸಲು ಆ ಪುಸ್ತಕ ಕೈಯಲ್ಲಿರುತ್ತದೆ.