ಕೆಲಸಕ್ಕೆ ತಕ್ಕ ರೊಟ್ಟಿ

ದಿನದ ಕ್ಯಾಲೊರಿ ಲೆಕ್ಕ ಹಾಕುವಾಗ ವಯಸ್ಸು, ಎತ್ತರ, ತೂಕ ಎಲ್ಲರೂ ಸರಿಯಾಗಿಯೇ ತುಂಬುತ್ತಾರೆ. ಅಂದಾಜು ತಪ್ಪುವುದು ‘ನಿಮ್ಮ ಚಟುವಟಿಕೆ ಎಷ್ಟು?’ ಎಂಬಲ್ಲಿ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕದಂತೆ 65 ಕೆ.ಜಿ. ತೂಕದ ಗಂಡಸಿಗೆ ಕೂತು ಮಾಡುವ ಕೆಲಸಕ್ಕೆ 2110, ಮಧ್ಯಮ ಕೆಲಸಕ್ಕೆ 2710, ಭಾರಿ ದುಡಿಮೆಗೆ 3470 ಕಿಲೊಕ್ಯಾಲೊರಿ ಬೇಕು. 55 ಕೆ.ಜಿ. ತೂಕದ ಹೆಂಗಸಿಗೆ 1660, 2130, 2720. ಗಂಡಸರಲ್ಲಿ ಮೊದಲೆರಡು ಹಂತಗಳ ನಡುವಿನ 600 ಎಂದರೆ ಸುಮಾರು 180 ಗ್ರಾಂ ಜೋಳದ ಹಿಟ್ಟು, ಮೂರ್ನಾಲ್ಕು ರೊಟ್ಟಿ!

ಸಿಂದಗಿಯಲ್ಲಿ ಅಂಗಡಿಯ ಗಲ್ಲಾದ ಮುಂದೆ, ಮುದ್ದೇಬಿಹಾಳದಲ್ಲಿ ಕಚೇರಿಯ ಕುರ್ಚಿಯಲ್ಲಿ ದಿನ ಕಳೆಯುವವರು ಮುಂಜಾನೆ ಅರ್ಧ ತಾಸು ನಡೆದರೂ ‘ಕೂತ ಕೆಲಸ’ವನ್ನೇ ಆರಿಸಿ.

ಹೊಲದವರ ಲೆಕ್ಕ ಬೇರೆ. ಬಸವನ ಬಾಗೇವಾಡಿಯ ಎರೆಹೊಲದಲ್ಲಿ ಹಿಂಗಾರಿ ಜೋಳ ಕೀಳುವ ಹೆಣ್ಣುಮಗಳು ಹೊತ್ತು ಮುಳುಗುವವರೆಗೆ ಬಗ್ಗಿ ದುಡಿಯುತ್ತಾಳೆ. ಮನೆಗೆ ಬಂದರೆ ಎಮ್ಮೆ ಹಿಂಡಬೇಕು, ಒಲೆ ಮುಂದೆ ಕೂತು ರೊಟ್ಟಿ ಬಡಿಯಬೇಕು. ಕೇಳಿದರೆ ‘ಏನಿಲ್ರಿ, ಮನಿ ಕೆಲಸ’ ಅನ್ನುತ್ತಾಳೆ. ಅವ್ವಂದಿರೇ, ಅಕ್ಕಂದಿರೇ, ಅದು ಭಾರಿ ದುಡಿಮೆ. ಹಾಗೆಂದೇ ಬರೆಸಿ, ಅದಕ್ಕೆ ತಕ್ಕಷ್ಟು ಉಣ್ಣಿ. ಸುಗ್ಗಿ ಮುಗಿದು ಹೊಲ ಖಾಲಿಯಾದಾಗ ಹಂತ ಇಳಿಸಿದರಾಯಿತು. ಇಂಡಿಯ ಲಿಂಬೆ ತೋಟದಲ್ಲೂ ಕಾಯಿ ಕೀಳುವ ದಿನದ ದುಡಿಮೆ, ಬರೀ ನೀರು ಬಿಡುವ ದಿನದ ದುಡಿಮೆ ಒಂದೇ ಅಲ್ಲ.

ಚಟುವಟಿಕೆಯಲ್ಲಿ ಸೇರಿಸಿದ ನಡಿಗೆಯನ್ನು ವ್ಯಾಯಾಮವೆಂದು ಮತ್ತೆ ಕೂಡಿಸಬೇಡಿ. ಎರಡು ಹಂತಗಳ ನಡುವೆ ಗೊಂದಲವಾದರೆ ಕೆಳಗಿನದರಿಂದ ಶುರುಮಾಡಿ, ಮೂರು ವಾರ ತೂಕ ನೋಡಿ ಬದಲಿಸಿ. ಬಸುರಿ, ಬಾಣಂತಿಯರು ಮತ್ತು ಸಕ್ಕರೆ ಕಾಯಿಲೆ ಇದ್ದವರು ಮಾತ್ರ ಮೊದಲು ವೈದ್ಯರನ್ನು ಕೇಳಿ.